ಐರಿಸ್ ಗೆಡ್ಡೆಗೆ ಬಿಸಿಲು ಕಾಣಿಸಿ

ಅತ್ತಿಗೆ, ಗ್ರೂಪಲ್ಲಿ ನೀವು ಹಾಕಿದ ಫೋಟೋ ನೋಡ್ದೆ. ಟೈಪ್ ಮಾಡೋಕೆ ಕೂತ್ರೆ ಮುಗಿಯಲ್ಲ, ಅದಕ್ಕೆ ಮಾತಲ್ಲೇ ಹೇಳ್ಬಿಡ್ತೀನಿ. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಕೇಳಿ. ನೀವು ಹೇಳಿದ್ದು ಇಷ್ಟು: ಟಾಲ್ ಬಿಯರ್ಡೆಡ್ ಐರಿಸ್, ಅಂದ್ರೆ ಎಸಳ ಮೇಲೆ ಗಡ್ಡದ ಥರ ರೋಮ ಇರೋ ಎತ್ತರದ ಹೂಗಿಡ, ನೆಟ್ಟು ಎರಡು ವರ್ಷ ಆಯ್ತು, ಆ ಜಾಗದಲ್ಲಿ ಬೆಳಗಿಂದ ಸಂಜೆವರೆಗೂ ಬಿಸಿಲು, ಎಲೆ ಸೊಂಪಾಗಿ ಬಂದಿದೆ, ಹೂವಿನ ಸುಳಿವೇ ಇಲ್ಲ. ಅದಕ್ಕೆ ಒಬ್ರು ಗೊಬ್ಬರ ಜಾಸ್ತಿ ಹಾಕಿ ಅಂದ್ರು, ಇನ್ನೊಬ್ರು ದಿನಾ ನೀರು ಬಿಡಿ ಅಂದ್ರು. ಇಬ್ರೂ ಒಳ್ಳೇ ಮನಸ್ಸಿಂದಾನೇ ಹೇಳಿದ್ದು. ಆದ್ರೆ ದಯವಿಟ್ಟು ಎರಡೂ ಬೇಡ.

ನಿಮ್ಮ ಫೋಟೋದಲ್ಲಿ ನನಗೆ ಗೆಡ್ಡೆನೇ ಕಾಣಿಸ್ಲಿಲ್ಲ. ಎಲೆ ಬುಡದ ತನಕ ಮಣ್ಣು ಏರಿಸಿದೀರಿ, ಅದರ ಮೇಲೆ ಒಣಹುಲ್ಲಿನ ಹೊದಿಕೆ ಬೇರೆ. ಬೇರೆ ಗಿಡಕ್ಕಾದ್ರೆ ಅದು ಒಳ್ಳೇ ಆರೈಕೆ. ಐರಿಸ್‌ಗೆ ಮಾತ್ರ ಅದೇ ಉಸಿರು ಕಟ್ಟಿಸೋದು. ಬಿಸಿಲು ಎಲೆಗೆ ಬಿದ್ರೆ ಸಾಲದು ಅತ್ತಿಗೆ, ಗೆಡ್ಡೆ ಬೆನ್ನಿಗೂ ಬೀಳ್ಬೇಕು. ನಾನು ಹೇಳ್ಬೇಕು ಅಂತಿರೋದರ ಸಾರ ಇದೇ.

ಈ ಗೆಡ್ಡೆ ನೋಡೋಕೆ ಶುಂಠಿ ಥರ ಇರುತ್ತೆ, ಮಣ್ಣಿನ ಮಟ್ಟದಲ್ಲೇ ಅಡ್ಡಡ್ಡ ಹರಡ್ಕೊಂಡು ಹೋಗುತ್ತೆ. ನಿಜ ಹೇಳ್ಬೇಕಂದ್ರೆ ಅದು ಬೇರಲ್ಲ, ಮಲಗಿರೋ ಕಾಂಡ. ಆಹಾರ ಎಲ್ಲಾ ಅದರಲ್ಲೇ ಶೇಖರ ಆಗೋದು. ನಿಜವಾದ ಬೇರುಗಳು ಅದರ ಅಡಿಯಿಂದ ಇಳಿದಿರ್ತವೆ. ಈ ಐರಿಸ್‌ಗಳ ಮೂಲ ನೋಡಿದ್ರೆ ಕಾರಣ ಗೊತ್ತಾಗುತ್ತೆ. ಮೊದಲಿಗೆ ಐರಿಸ್ ಪ್ಯಾಲಿಡಾ, ಐರಿಸ್ ವೇರಿಗೇಟಾ ಅನ್ನೋ ಯುರೋಪಿನ ಎರಡು ಜಾತಿ ಬೆರೆಸಿ ತಳಿ ಮಾಡ್ತಿದ್ರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಕೇಂಬ್ರಿಡ್ಜ್‌ನಲ್ಲಿ ಮೈಕೆಲ್ ಫಾಸ್ಟರ್ ಅಂತ ಶರೀರಶಾಸ್ತ್ರದ ಪ್ರೊಫೆಸರ್ ಇದ್ರು. ಅವರು ಪಶ್ಚಿಮ ಏಷ್ಯಾ ಕಡೆಯಿಂದ ದೊಡ್ಡ ಹೂವಿನ ಐರಿಸ್ ತರಿಸಿ ತಳಿ ಮಾಡಿದ್ರು. ಇವತ್ತಿನ ಎತ್ತರದ ಕಾಂಡ, ದೊಡ್ಡ ಎಸಳು ಎಲ್ಲಾ ಅಲ್ಲಿಂದ ಬಂದಿದ್ದು. ಅದರ ಜೊತೆಗೆ ಅಲ್ಲಿನ ಸ್ವಭಾವವೂ ಬಂತು: ಬೇಸಿಗೇಲಿ ಸುಡೋ ಬಿಸಿಲು, ಒಣ ನೆಲ, ಕಲ್ಲುಮಣ್ಣಲ್ಲಿ ನೀರು ನಿಲ್ಲದೆ ಬಸಿದು ಹೋಗೋದು. ಆ ಗಿಡಾನ ತಂದು ಒದ್ದೆ ಹುಲ್ಲು ಹೊದಿಸಿದ್ರೆ ಅದು ಹೇಗೆ ಹೂ ಬಿಡುತ್ತೆ ಹೇಳಿ.

ಈಗ ಏನ್ ಮಾಡ್ಬೇಕು ಅಂದ್ರೆ, ಮೊದಲು ಹುಲ್ಲು ತೆಗೆದುಬಿಡಿ. ಆಮೇಲೆ ಕೈಯಲ್ಲೇ ಮೆಲ್ಲಗೆ ಮಣ್ಣು ಸರಿಸ್ತಾ ಹೋಗಿ, ಸಲಿಕೆ ಹಾಕ್ಬೇಡಿ, ಗೆಡ್ಡೆಗೆ ಗಾಯ ಆದ್ರೆ ಅಲ್ಲಿಂದಾನೇ ಕೊಳೆ ಶುರುವಾಗೋದು. ಗೆಡ್ಡೆಯ ಮೇಲ್ಭಾಗ ಕಾಣೋ ಹಾಗಾದ್ರೆ ಸಾಕು, ಅಲ್ಲಿಗೇ ನಿಲ್ಲಿಸಿ. ಬೇರು ಮಣ್ಣೊಳಗೇ ಇರ್ಲಿ. ವಿಪರೀತ ಸೆಕೆ ಇರೋ ಕಡೆ ಒಂದೆರಡು ಸೆಂಟಿಮೀಟರ್ ಮಣ್ಣು ತೆಳ್ಳಗೆ ಮುಚ್ಚಬಹುದು, ಅದಕ್ಕಿಂತ ಜಾಸ್ತಿ ಬೇಡ.

ಮಣ್ಣು ಸರಿಸುವಾಗ ಮೂಗಿಗೆ ಕೆಟ್ಟ ನಾತ ಬಂತು, ಅಥವಾ ಎಲೆಗೊಂಚಲು ಹಿಡಿದ್ರೆ ಕೈಗೇ ಕಿತ್ತು ಬಂತು ಅಂದ್ರೆ ಅದು ಮೆತ್ತಗೆ ಕೊಳೆಯೋ ರೋಗ. ಬ್ಯಾಕ್ಟೀರಿಯಾದಿಂದ ಬರೋದು. ಆ ನಾತ ಒಂದು ಸಲ ಮೂಗಿಗೆ ಬಡಿದ್ರೆ ಮರೆಯೋ ಹಾಗಿಲ್ಲ. ಗಾಬರಿ ಆಗ್ಬೇಡಿ, ಇಡೀ ಗಿಡ ಎಸೀಬೇಡಿ. ಒಂದು ಹಳೇ ಚಮಚ ತಗೊಂಡು ಕೊಳೆತ ಭಾಗ ಕೆರೆದು ತೆಗೀರಿ. ಕಂದು ಲೋಳೆ ಮುಗಿದು, ಒತ್ತಿದ್ರೆ ಗಟ್ಟಿಯಾಗಿರೋ ಬಿಳಿ ತಿರುಳು ಸಿಗೋವರೆಗೂ ಕೆರೀಬೇಕು. ಒಂಚೂರು ಕಂದು ಉಳಿದ್ರೂ ಮತ್ತೆ ಹರಡುತ್ತೆ. ಆಮೇಲೆ ಆ ಗಾಯನ ಮುಚ್ಚದೆ ಕೆಲವು ದಿನ ಬಿಸಿಲಿಗೆ ಬಿಡಿ, ಒಣಗಿ ಗಟ್ಟಿ ಸಿಪ್ಪೆ ಕಟ್ಟುತ್ತೆ. ಚಮಚ, ಚಾಕು ಏನೇ ಬಳಸಿದ್ರೂ ಒಂದು ಗೆಡ್ಡೆಯಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಬ್ಲೀಚ್ ನೀರಲ್ಲಿ ಅದ್ದಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು.

ಗೊಬ್ಬರದ ವಿಷಯ. ನಿಮ್ಮ ಎಲೆ ಅಷ್ಟು ಕಡು ಹಸಿರಾಗಿ, ಉದ್ದಕ್ಕೆ, ಮೆತ್ತಗೆ ಬಂದಿರೋದು ನೋಡಿದ್ರೆ ಸಾರಜನಕ ಜಾಸ್ತಿ ಸಿಕ್ಕಿದೆ ಅನ್ಸುತ್ತೆ. ಪಕ್ಕದ ಹುಲ್ಲುಹಾಸಿಗೆ ಹಾಕೋ ಗೊಬ್ಬರ ಈ ಕಡೆಗೂ ಹರಿದು ಬರ್ತಿದ್ಯಾ ನೋಡಿ. ಸಾರಜನಕ ಹೆಚ್ಚಾದ್ರೆ ಎಲೆ ಮಾತ್ರ ಕೊಬ್ಬುತ್ತೆ, ಗೆಡ್ಡೆ ನೀರುನೀರಾಗಿ ಕೊಳೆಯೋಕೆ ದಾರಿ ಆಗುತ್ತೆ. ಹಾಕಲೇಬೇಕು ಅಂದ್ರೆ 5-10-10 ಥರದ್ದು, ಅಂದ್ರೆ ಸಾರಜನಕ ತೋರಿಸೋ ಮೊದಲ ಅಂಕಿ ಕಮ್ಮಿ ಇರೋದು, ವಸಂತದ ಶುರುವಿಗೆ ಒಂದು ಹಿಡಿ, ಹೂವು ಮುಗಿದ್ಮೇಲೆ ಬೇಕಿದ್ರೆ ಇನ್ನೊಂದು ಹಿಡಿ. ಅದೂ ಗಿಡದ ಸುತ್ತ, ಗೆಡ್ಡೆ ಮೇಲಲ್ಲ. ನೀರು? ಹೊಸದಾಗಿ ನೆಟ್ಟಾಗ ಬೇರು ಹಿಡಿಯೋವರೆಗೂ ಕೊಡಿ. ಆಮೇಲೆ ತೀರಾ ಬರಗಾಲ ಬಂದ್ರೆ ಮಾತ್ರ.

ಇನ್ನೊಂದು ಮಾತು, ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ಒಂದು ಗೆಡ್ಡೆ ಜೀವಮಾನದಲ್ಲಿ ಒಂದೇ ಸಲ ಹೂ ಬಿಡೋದು. ಹೂ ಬಿಟ್ಟ ಗೆಡ್ಡೆ ಪಕ್ಕದಲ್ಲಿ ಮರಿ ಹಾಕುತ್ತೆ, ಮುಂದೆ ಹೂ ಬಿಡೋದು ಆ ಮರಿಗಳೇ. ಹಾಗಾಗಿ ಮರಿ ಬೆಳೆಯೋಕೆ ಜಾಗ ಬೇಕು. ಮೂರ್ನಾಲ್ಕು ವರ್ಷಕ್ಕೆ ಗುಂಪು ಒತ್ತೊತ್ತಾಗಿ ಹೂವು ಕಮ್ಮಿ ಆಗುತ್ತೆ. ಆಗ ಹೂವಿನ ಕಾಲ ಮುಗಿದು ನಾಲ್ಕರಿಂದ ಆರು ವಾರ ಬಿಟ್ಟು ಇಡೀ ಗುಂಪು ಎತ್ತಿ, ಮುದಿ ಗೆಡ್ಡೆ ತೆಗೆದು ಎಸೆದು, ಒಳ್ಳೇ ಬೇರಿರೋ ಮರಿ ಬಿಡಿಸ್ಕೊಂಡು ಎಲೆನ ಸುಮಾರು 15 ಸೆಂಟಿಮೀಟರ್‌ಗೆ ಕತ್ತರಿಸಿ ನೆಡೋದು. ಹಿಮ ಬೀಳೋ ಊರಾದ್ರೆ ಗಟ್ಟಿ ಹಿಮ ಶುರುವಾಗೋಕೆ ಆರೆಂಟು ವಾರ ಮುಂಚೆ ನೆಟ್ಟು ಮುಗಿಸಿರ್ಬೇಕು.

ನೆಡೋ ಕ್ರಮ ನನಗೆ ತುಂಬಾ ಇಷ್ಟದ ಕೆಲಸ, ಅದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಆಳವಿಲ್ಲದ ಗುಂಡಿ ತೋಡಿ, ಗುಂಡಿ ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ. ಆ ದಿಬ್ಬದ ಮೇಲೆ ಗೆಡ್ಡೆ ಕೂರಿಸಿ, ಬೇರುಗಳನ್ನ ಎರಡೂ ಪಕ್ಕಕ್ಕೆ ಇಳಿಬಿಡಿ. ಬೇರಿನ ಮೇಲೆ ಮಣ್ಣು ಹಾಕಿ ಅಂಗೈಯಲ್ಲಿ ಗಟ್ಟಿಯಾಗಿ ಒತ್ತಿ, ಒಂದು ಸಲ ಚೆನ್ನಾಗಿ ನೀರು ಕೊಡಿ. ಗೆಡ್ಡೆಯ ಎಲೆ ಇಲ್ಲದ ತುದಿ ಸೂರ್ಯನ ಕಡೆ ಇರ್ಲಿ, ಎಲೆ ಹಿಂದುಗಡೆ ಇರ್ಲಿ, ಆಗ ಅದರ ಎಲೆಯ ನೆರಳು ಅದರ ಮೇಲೇ ಬೀಳಲ್ಲ. ಒಂದಕ್ಕೊಂದು 30ರಿಂದ 60 ಸೆಂಟಿಮೀಟರ್ ಅಂತರ. ಜೇಡಿಮಣ್ಣಾದ್ರೆ ಏರುಮಡಿ ಮಾಡಿ ಅದರ ಮೇಲೆ ನೆಡಿ. ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೇಕು, ಎಂಟು ಸಿಕ್ರೆ ಇನ್ನೂ ಒಳ್ಳೇದು. ನೆಟ್ಟ ಮೊದಲನೇ ವಸಂತದಲ್ಲೇ ಹೂವು ಬರ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ, ಎಷ್ಟೋ ಸಲ ಎರಡನೇ ವರ್ಷಕ್ಕೇ ಬರೋದು.

ಚಳಿನೂ ಬೇಕು. ಚಳಿಗಾಲದಲ್ಲಿ ಒಂದಷ್ಟು ವಾರ ತಂಪು ಸಿಗದಿದ್ರೆ ಎಷ್ಟೇ ಬಿಸಿಲಿದ್ರೂ ಸರಿಯಾಗಿ ಹೂವಿಗೆ ಬರಲ್ಲ. ನಿಮ್ಮ ಕಡೆ ಚಳಿ ಚೆನ್ನಾಗೇ ಬೀಳುತ್ತೆ, ಆ ಚಿಂತೆ ನಿಮಗಿಲ್ಲ. ಗ್ರೂಪಲ್ಲಿ ಸದಾ ಬೆಚ್ಚಗಿರೋ ಊರಲ್ಲಿರೋರು ಮಾತ್ರ ಗೆಡ್ಡೆ ತರಿಸೋ ಮುಂಚೆ ಯೋಚನೆ ಮಾಡಿ.

ದೊಡ್ಡಪ್ಪ ಮಧ್ಯೆ ಕೇಳಿದ್ರಲ್ಲ, ಹಳದಿ, ಗುಲಾಬಿ ನೆಟ್ಟಿದ್ದು ವರ್ಷ ಕಳೆದ ಹಾಗೆ ಎಲ್ಲಾ ನೇರಳೆ ಆಗೋಯ್ತು ಅಂತ. ಬಣ್ಣ ಬದಲಾಗಿದ್ದಲ್ಲ ದೊಡ್ಡಪ್ಪ. ನೇರಳೆ ಹಳೇ ತಳಿ ಜೋರಾಗಿ ಹರಡಿ ಸೂಕ್ಷ್ಮವಾದ ಗುಲಾಬಿನ ನುಂಗಿ ಹಾಕಿರುತ್ತೆ. ಇಲ್ಲಾಂದ್ರೆ ಬೀಜ ಉದುರಿ ಹೊಸ ಸಸಿ ಎದ್ದಿರುತ್ತೆ, ಬೀಜದ ಸಸಿ ತಾಯಿ ಥರಾನೇ ಬರಲ್ಲ. ಹೂ ಬಾಡಿದ ತಕ್ಷಣ ಕಾಯಿ ಕಟ್ಟೋಕೆ ಬಿಡದೆ ಕಿತ್ತುಬಿಡಿ, ಎಲ್ಲಾ ಮೊಗ್ಗು ಮುಗಿದ್ಮೇಲೆ ಇಡೀ ಕಾಂಡನ ಬುಡದಲ್ಲಿ ಮುರೀರಿ. ಉತ್ತರ ಅಮೆರಿಕದಲ್ಲಿ ಐರಿಸ್ ಕೊರೆಹುಳದ ಕಾಟ ಇದೆ, ಅದರ ಮೊಟ್ಟೆ ಚಳಿಗಾಲ ಪೂರ್ತಿ ಒಣ ಎಲೆಯಲ್ಲೇ ಕೂತಿರುತ್ತೆ. ಆ ಕಡೆ ಇರೋರು ಶರತ್ಕಾಲ ಮುಗಿಯೋದ್ರೊಳಗೆ ಒಣಗಿದ ಎಲೆ ಪೂರ್ತಿ ಬಳಿದು ತೆಗೆದುಬಿಡಿ.

ಅತ್ತಿಗೆ, ಹೂವು ಬಂದಾಗ ಒಂದು ಕೆಲಸ ಮಾಡಿ, ಹತ್ತಿರ ಕೂತು ದುಂಬಿ ಬರೋದನ್ನ ನೋಡಿ. ಮೂರು ಎಸಳು ಮೇಲಕ್ಕೆ ಗುಮ್ಮಟದ ಹಾಗೆ ಎದ್ದಿರ್ತವೆ, ಮೂರು ಕೆಳಗೆ ಇಳಿಬಿದ್ದಿರ್ತವೆ. ಕೆಳಗಿನ ಒಂದೊಂದರ ಮೇಲೂ ರೋಮದ ಪಟ್ಟಿ, ಅದೇ ಬಿಯರ್ಡ್. ದುಂಬಿ ಆ ರೋಮದ ಜಾಡು ಹಿಡಿದು ಒಳಗೆ ನುಗ್ಗುತ್ತೆ. ಬಾಗಿಲಲ್ಲೇ ಶಲಾಕಾಗ್ರದ, ಅಂದ್ರೆ ಹೂವಿನ ಪರಾಗ ಹಿಡಿಯೋ ಹೆಣ್ಣು ಭಾಗದ, ತೆಳು ತುಟಿ ಅದರ ಬೆನ್ನು ಸವರಿ, ಬೇರೆ ಹೂವಿಂದ ತಂದ ಪರಾಗ ತಗೊಳ್ಳುತ್ತೆ. ಇನ್ನೂ ಒಳಗೆ ಹೋದ್ಮೇಲೆ ಈ ಹೂವಿನ ಕೇಸರ ಹೊಸ ಪರಾಗ ಬೆನ್ನಿಗೆ ಹಚ್ಚುತ್ತೆ. ವಾಪಸ್ ಬರುವಾಗ ಆ ತುಟಿಯ ಪರಾಗ ಹಿಡಿಯೋ ಮುಖ ತಾಗಲ್ಲ. ಎಷ್ಟು ಸೂಕ್ಷ್ಮ ಏರ್ಪಾಡು ನೋಡಿ! ಒಂದು ಹೂವು ನಿಲ್ಲೋದು ಎರಡು ಮೂರು ದಿನ, ಆದ್ರೆ ಒಂದು ಕಾಂಡದಲ್ಲಿ ಏಳೆಂಟು ಮೊಗ್ಗು ಒಂದಾದ್ಮೇಲೊಂದು ಅರಳೋದ್ರಿಂದ ಕಣ್ಣಿಗೆ ಹಬ್ಬ. ಕಾಂಡ 70 ಸೆಂಟಿಮೀಟರ್‌ಗಿಂತ ಎತ್ತರ ಹೋಗುತ್ತೆ, ಗಾಳಿ ಜಾಗ ಆದ್ರೆ ಒಂದು ಕೋಲು ಕಟ್ಟಿ.

ಹೊಸ ತಳಿ ಯಾವುದು ತರಿಸ್ಲಿ ಅಂತಾನೂ ಕೇಳಿದ್ರಿ. ಕಪ್ಪಿಗೆ ಹತ್ತಿರದ ನೇರಳೆ ಬೇಕಂದ್ರೆ ಡಸ್ಕಿ ಚಾಲೆಂಜರ್, 1992ರಲ್ಲಿ ಡೈಕ್ಸ್ ಮೆಡಲ್, ಅಂದ್ರೆ ಐರಿಸ್ ತಳಿಗಳಿಗೆ ಕೊಡೋ ದೊಡ್ಡ ಪ್ರಶಸ್ತಿ, ಗೆದ್ದಿದ್ದು. ಗುಲಾಬಿಗೆ ಬೆವರ್ಲಿ ಸಿಲ್ಸ್, ಅದಕ್ಕೆ 1985ರಲ್ಲಿ ಅದೇ ಮೆಡಲ್. ಬಿಳಿಗೆ ಇಮ್ಮಾರ್ಟಾಲಿಟಿ, ಹವೆ ಒಗ್ಗಿದ್ರೆ ವರ್ಷಕ್ಕೆ ಎರಡನೇ ಸಲವೂ ಹೂ ಬಿಡುತ್ತೆ. ನನ್ನ ಕೇಳಿದ್ರೆ ಬಿಳಿಯಿಂದಾನೇ ಶುರು ಮಾಡಿ.

ಹಾಂ, ಮರೆಯೋ ಮುಂಚೆ ಹೇಳ್ಬಿಡ್ತೀನಿ, ಗೆಡ್ಡೆ ಮುಟ್ಟುವಾಗ ಗ್ಲೌಸ್ ಹಾಕ್ಕೊಳ್ಳಿ, ಅದರ ರಸ ಕೆಲವರಿಗೆ ಚರ್ಮ ಕೆರೆತ ತರುತ್ತೆ. ನಾಯಿ ತಿಂದ್ರೆ ವಾಂತಿ ಭೇದಿ ಆಗುತ್ತೆ. ನಿಮ್ಮ ನಾಯಿಮರಿ ಎಲ್ಲಾನೂ ಅಗೆಯುತ್ತಲ್ಲ, ಕಿತ್ತ ಗೆಡ್ಡೆ ಚೂರು ಅಂಗಳದಲ್ಲಿ ಬಿಡದೆ ಆಗಲೇ ಎತ್ತಿ ಹಾಕಿ.