ಫ್ರಾನ್ಸಿನ ಲ್ವಾರ್ ನದಿ ಪಕ್ಕ ಸೈಕಲ್‌ನಲ್ಲಿ 9 ದಿನ: ಮೈಸೂರಲ್ಲಿ ಕೂತು ಏನೇನು ತಯಾರಿ ಮಾಡ್ಕೋಬೇಕು?

ಯಾದವಗಿರಿ_ಪೆಡಲ್ (ಮೈಸೂರು)

ಎಲ್ಲರಿಗೂ ನಮಸ್ಕಾರ. ಬರೋ ಮೇ ತಿಂಗಳಲ್ಲಿ ನಾನು, ನಮ್ಮ ಯಜಮಾನ್ರು ಲ್ವಾರ್ ನದಿ ದಂಡೆಯ ಸೈಕಲ್ ದಾರಿಗೆ ಹೋಗೋಣ ಅಂತಿದೀವಿ. ಓರ್ಲಿಯಾನ್‌ನಿಂದ ಸೋಮ್ಯೂರ್‌ವರೆಗೆ, ಒಟ್ಟು 9 ದಿನ. ಇಬ್ಬರಿಗೂ ಐವತ್ತು ದಾಟಿದೆ. ವಾರಕ್ಕೆರಡು ಸಲ ಶ್ರೀರಂಗಪಟ್ಟಣಕ್ಕೆ ಹೋಗಿ ಬರೋ ಅಭ್ಯಾಸ ಇದೆ, ಆದ್ರೆ ಸಾಮಾನು ಹೇರ್ಕೊಂಡು ದಿನಾ ತುಳಿದು ಗೊತ್ತಿಲ್ಲ.

ಕೇಳಬೇಕಿರೋದು ಇಷ್ಟು. ದಿನಕ್ಕೆ ಎಷ್ಟು ದೂರ ಇಟ್ಕೋಬೇಕು? ಇಲ್ಲಿಂದ ಸೈಕಲ್ ಒಯ್ಯೋದಾ, ಅಲ್ಲೇ ಬಾಡಿಗೆಗೆ ತಗೊಳ್ಳೋದಾ? ಪೂರ್ತಿ ಸಸ್ಯಾಹಾರಿಗಳು, ಮೊಟ್ಟೆ ಪರವಾಗಿಲ್ಲ. ಹಳ್ಳಿಗಳಲ್ಲಿ ಊಟಕ್ಕೇನು ಮಾಡೋದು? ಅಭ್ಯಾಸಕ್ಕೆ ಮೈಸೂರು–ಮಂಡ್ಯ ಕಡೆ ಯಾವ ದಾರಿ ಒಳ್ಳೇದು?

ನಾಲೆ_ಏರಿ (ಪಾಂಡವಪುರ)

ಮೇಡಂ, ಒಳ್ಳೆ ದಾರಿ ಆರಿಸಿದೀರಿ. ಪೂರ್ತಿ ದಾರಿ ಸುಮಾರು 900 ಕಿ.ಮೀ., ನೆವೇರ್ ಹತ್ತಿರದಿಂದ ಅಟ್ಲಾಂಟಿಕ್ ಕಡಲವರೆಗೆ. ನೀವು ಹಿಡಿದಿರೋದು ಅದರ ನಡು ಭಾಗ. ಹೆಸರುವಾಸಿ ಅರಮನೆಗಳು ಹೆಚ್ಚಾಗಿ ಅಲ್ಲೇ ಇವೆ. ನೆಲ ಮಟ್ಟ. ದಾರಿ ಬಹಳಷ್ಟು ಕಡೆ ನದಿಯ ಪ್ರವಾಹ ತಡೆಯೋಕೆ ಕಟ್ಟಿರೋ ಏರಿ ಮೇಲೇ ಹೋಗುತ್ತೆ. ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ಓಡಿಸಿದವರಿಗೆ ಆ ನೋಟ ಹೊಸದಲ್ಲ: ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಹೊಲ. ಭತ್ತ, ಕಬ್ಬಿನ ಜಾಗದಲ್ಲಿ ಗೋಧಿ, ದ್ರಾಕ್ಷಿ, ಅಷ್ಟೆ.

ದಿನಕ್ಕೆ 45 ಕಿ.ಮೀ. ದಾಟಬೇಡಿ. ಕಾಲು ಸೋಲುತ್ತೆ ಅಂತಲ್ಲ, ಹೊತ್ತು ಸಾಲಲ್ಲ. ಒಂದು ಅರಮನೆ ನೋಡೋಕೆ ಎರಡೂವರೆ ಗಂಟೆ ಬೇಕು. ಹೀಗೆ ಹಂಚ್ಕೋಬಹುದು (ದೂರ ಎಲ್ಲ ಸುಮಾರು):

ಓರ್ಲಿಯಾನ್ – ಬೋಜಾನ್ಸಿ 30. ಮಾರನೇ ದಿನ ಶಾಂಬೋರ್ ನೋಡಿ ಬ್ಲ್ವಾಗೆ 45. ಬ್ಲ್ವಾದಿಂದ ಶೋಮೋಂ ಮೇಲೆ ಆಂಬ್ವಾಸ್‌ಗೆ 45. ಆಂಬ್ವಾಸ್‌ನಲ್ಲಿ ಎರಡು ರಾತ್ರಿ ಇರಿ. ಸಾಮಾನು ರೂಮಲ್ಲೇ ಬಿಟ್ಟು ಶೆನೋನ್ಸೋಗೆ ಹೋಗಿ ಬನ್ನಿ, ಹೋಗ್ತಾ 15, ಬರ್ತಾ 15. ಆ ಅರಮನೆ ಶೇರ್ ನದಿಗೆ ಅಡ್ಡಲಾಗಿ, ಸೇತುವೆ ಕಮಾನುಗಳ ಮೇಲೇ ನಿಂತಿದೆ. ಆಮೇಲೆ ತೂರ್ ದಾಟಿ ವಿಲಾಂಡ್ರಿಗೆ 45, ಅಲ್ಲಿಂದ ಶಿನೋಂ 45, ಶಿನೋಂನಿಂದ ಸೋಮ್ಯೂರ್ 35. ಇಷ್ಟಕ್ಕೆ ಏಳು ದಿನ ಆಯ್ತು. ಉಳಿದ ಎರಡರಲ್ಲಿ ಒಂದನ್ನ ಮಳೆಗೆ ಅಂತ ಎತ್ತಿಡಿ, ಇನ್ನೊಂದು ರೈಲಿಗೆ.

ಶಾಂಬೋರ್ ಕಟ್ಟೋಕೆ ಶುರು ಮಾಡಿದ್ದು 1519ರಲ್ಲಿ, ದೊರೆ ಒಂದನೇ ಫ್ರಾನ್ಸ್ವಾ. ಅದೇ ವರ್ಷ ಮೇ 2ರಂದು ಲಿಯೊನಾರ್ಡೊ ಡ ವಿಂಚಿ ಆಂಬ್ವಾಸ್‌ನಲ್ಲಿ ತೀರ್ಕೊಂಡ. ಅವನು ಇದ್ದ ಮನೆ ಕ್ಲೋ ಲ್ಯೂಸೆ ಊರೊಳಗೇ ಇದೆ, ಬಿಡಬೇಡಿ.

ರೂಮು ಬೇಗ ಹಿಡೀರಿ. ಮೇ 1, ಮೇ 8 ಎರಡೂ ಅಲ್ಲಿ ಸರ್ಕಾರಿ ರಜೆ. ಈಸ್ಟರ್ ಆಗಿ 39ನೇ ದಿನದ ಗುರುವಾರ ಇನ್ನೊಂದು ರಜೆ ಬರುತ್ತೆ, ಜನ ಶುಕ್ರವಾರಾನೂ ಸೇರಿಸ್ಕೊಂಡು ನಾಲ್ಕು ದಿನ ಹೊರಟುಬಿಡ್ತಾರೆ. ‘ಆಕೈ ವೆಲೊ’ ಅನ್ನೋ ಫಲಕ ಇರೋ ವಸತಿ ಹುಡುಕಿ. ದಾರಿಯಿಂದ 5 ಕಿ.ಮೀ. ಒಳಗೇ ಇರಬೇಕು, ಸೈಕಲ್ ಬೀಗ ಹಾಕಿಡೋ ಜಾಗ, ರಿಪೇರಿ ಸಾಮಾನು ಇರಬೇಕು ಅಂತ ಅವರಿಗೆ ನಿಯಮ ಇದೆ.

ಪಡುವಣ_ಗಾಳಿ (ಮೈಸೂರು)

ಮೇಲಿನವರು ಹೇಳಿದ ಊರುಗಳು ಸರಿ, ದಿಕ್ಕು ತಿರುಗಿಸಿ. ಸೋಮ್ಯೂರ್‌ನಿಂದ ಶುರು ಮಾಡಿ ಓರ್ಲಿಯಾನ್‌ನಲ್ಲಿ ಮುಗಿಸಿ.

ನದಿ ಹರಿಯೋ ಕಡೆ ಹೋದ್ರೆ ಇಳಿಜಾರು ಸಿಗುತ್ತೆ ಅಂತ ತುಂಬಾ ಜನ ಓರ್ಲಿಯಾನ್‌ನಿಂದ ಹೊರಡ್ತಾರೆ. ಲೆಕ್ಕ ಹಾಕಿ: ಇಷ್ಟು ದೂರಕ್ಕೂ ಇಳಿಯೋದು 100 ಮೀಟರ್ ಕೂಡ ಇಲ್ಲ. ಚಾಮುಂಡಿ ಬೆಟ್ಟ ಒಂದು ಸಲ ಹತ್ತಿದ್ರೆ ಅದರ ಮೂರರಷ್ಟು ಆಗುತ್ತೆ. ಗಾಳಿ ಮಾತ್ರ ಹೆಚ್ಚು ದಿನ ಕಡಲ ಕಡೆಯಿಂದ, ಅಂದ್ರೆ ಪಶ್ಚಿಮ–ನೈಋತ್ಯದಿಂದ ಬೀಸುತ್ತೆ. ನೀವು ಗಂಟೆಗೆ 15 ಕಿ.ಮೀ. ಓಡಿಸ್ತಿರುವಾಗ ಎದುರಿಂದ 20ರ ಗಾಳಿ ಬಂದ್ರೆ ಎದೆಗೆ ಬಡಿಯೋದು 35ರ ಗಾಳಿ. ಏರಿ ಮೇಲೆ ಮರದ ಮರೆ ಇರಲ್ಲ, ಪಕ್ಕದ ಚೀಲಗಳು ಹಾಯಿ ಹಾಗೆ ಗಾಳಿ ಹಿಡೀತವೆ. ಅದೇ ಗಾಳಿ ಬೆನ್ನಿಗಿದ್ರೆ 45 ಕಿ.ಮೀ. ಮುಗಿದಿದ್ದೇ ಗೊತ್ತಾಗಲ್ಲ. ಈಶಾನ್ಯದಿಂದ ಗಾಳಿ ಬರೋ ದಿನಗಳೂ ಇವೆ, ಆದ್ರೆ ಅವು ಕಡಿಮೆ.

ಮುಗಿಸೋಕೂ ಓರ್ಲಿಯಾನೇ ಅನುಕೂಲ. ಅಲ್ಲಿಂದ ಪ್ಯಾರಿಸ್ಸಿನ ಆಸ್ಟರ್ಲಿಟ್ಸ್ ನಿಲ್ದಾಣಕ್ಕೆ ನೇರ ರೈಲಿದೆ. ಹೋಗುವಾಗ ತೂರ್‌ವರೆಗೆ ಒಂದು ರೈಲು, ಅಲ್ಲಿಂದ ಸೋಮ್ಯೂರ್‌ಗೆ ಪ್ರಾದೇಶಿಕ ರೈಲು. ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ ನೇತು ಹಾಕೋಕೆ ಕೊಕ್ಕೆ ಇರ್ತವೆ. ಹತ್ತೋಕೆ ಮುಂಚೆ ಚೀಲ ಬಿಚ್ಚಿ ಕೈಯಲ್ಲಿ ಹಿಡ್ಕೊಳ್ಳಿ, ಸಾಮಾನು ಸಮೇತ ಎತ್ತಿ ಕೊಕ್ಕೆಗೆ ಹಾಕೋಕಾಗಲ್ಲ. ಕೆಲವು ರೈಲಿಗೆ ಸೀಸನ್ನಿನಲ್ಲಿ ಸೈಕಲ್ ಜಾಗಾನೂ ಮುಂಗಡ ಕಾದಿರಿಸಬೇಕು, ಟಿಕೆಟ್ ತಗೊಳ್ಳುವಾಗಲೇ ನೋಡ್ಕೊಳ್ಳಿ.

ವೀಸಾಗೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ಅದರಲ್ಲಿ ಸೈಕಲ್ ಪ್ರವಾಸಕ್ಕೆ ರಕ್ಷಣೆ ಇದೆಯಾ ಅಂತ ಸಣ್ಣಕ್ಷರ ಓದಿ.

ಕಡ್ಡಿ_ನಿಪ್ಪಲ್ (ಮಂಡ್ಯ)

ಅಕ್ಕಾ, ಬಾಡಿಗೆಗೇ ತಗೊಳ್ಳಿ. ಒಂದೂರಲ್ಲಿ ತಗೊಂಡು ಇನ್ನೊಂದೂರಲ್ಲಿ ಬಿಡೋ ಅಂಗಡಿಗಳು ಆ ದಾರೀಲಿ ಇವೆ. ಇಲ್ಲಿಂದ ಒಯ್ದ್ರೆ ಡಬ್ಬ ಸೇರಿ 20 ಕೆ.ಜಿ. ಮೇಲಾಗುತ್ತೆ, ಗೇರ್ ಹ್ಯಾಂಗರ್ (ಹಿಂದಿನ ಗೇರ್ ನೇತಾಡೋ ಲೋಹದ ತುಂಡು) ಬಗ್ಗೋ ಅಪಾಯ ಬೇರೆ. ಒಯ್ಯೋದು ನಿಮ್ಮ ಸೀಟು ಮಾತ್ರ. ಮೈ ಒಗ್ಗಿರೋ ಸೀಟು ಬಿಚ್ಕೊಂಡು ಹೋಗಿ, ಅಲ್ಲಿ 5 ಅಥವಾ 6 ಎಂ.ಎಂ. ಅಲೆನ್ ಕೀಲಿ ಹಾಕಿದ್ರೆ ಹತ್ತು ನಿಮಿಷದ ಕೆಲಸ.

ಅಂಗಡಿಯಿಂದ ಹೊರಡೋ ಮುಂಚೆ ಅರ್ಧ ಗಂಟೆ ಕೊಟ್ಟು ಇವನ್ನ ನೋಡಿ.

ಮೊದಲು ಬ್ರೇಕು. ನಮ್ಮ ಕಡೆ ಬಲಗೈ ಹಿಡಿಕೆ ಮುಂದಿನ ಚಕ್ರಕ್ಕೆ. ಅಲ್ಲಿ ಸಾಮಾನ್ಯವಾಗಿ ಎಡಗೈ ಹಿಡಿಕೆ ಮುಂದಿನದ್ದು. ಹಿಂದಿನ ಬ್ರೇಕು ಅಂದ್ಕೊಂಡು ಎಡಗೈ ಜೋರಾಗಿ ಒತ್ತಿದ್ರೆ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳ್ತೀರಿ. ಚಕ್ರ ಎತ್ತಿ ತಿರುಗಿಸಿ, ಒಂದೊಂದೇ ಹಿಡಿಕೆ ಒತ್ತಿ ಖಾತ್ರಿ ಮಾಡ್ಕೊಳ್ಳಿ.

ಎರಡನೇದು ಹಿಮ್ಮಡಿ. ಹಿಂದಿನ ಕ್ಯಾರಿಯರ್‌ಗೆ ಚೀಲ ನೇತು ಹಾಕಿ, ಪೆಡಲ್ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಪೆಡಲ್ ಹಿಂದಕ್ಕೆ ಬಂದಾಗ ಹಿಮ್ಮಡಿಗೂ ಚೀಲಕ್ಕೂ ಎರಡು ಬೆರಳು ಜಾಗ ಇರಬೇಕು. ಇಲ್ಲಾಂದ್ರೆ ಚೀಲದ ಕೊಕ್ಕೆ ಹಿಂದಕ್ಕೆ ಸರಿಸಿ. ಭಾರ ಇರೋದೆಲ್ಲ ಚೀಲದ ತಳಕ್ಕೆ, ಎರಡೂ ಕಡೆ ಸಮ. ಒಬ್ಬರಿಗೆ 8 ಕೆ.ಜಿ. ಸಾಕು. ಕ್ಯಾರಿಯರ್ ಬೋಲ್ಟು ಎರಡು ದಿನಕ್ಕೊಮ್ಮೆ ಬಿಗಿ ಮಾಡಿ, ಅಲುಗಾಟಕ್ಕೆ ಮೊದಲು ಸಡಿಲ ಆಗೋದೇ ಅದು.

ಗಾಳಿ: ಅಲ್ಲಿ ಸಣ್ಣ ಮೂತಿಯ ಪ್ರೆಸ್ಟಾ ವಾಲ್ವೇ ಹೆಚ್ಚು. ಮೊದಲು ತುದಿಯ ಪುಟ್ಟ ತಿರುಪು ಬಿಚ್ಚಬೇಕು, ಬೆರಳಲ್ಲಿ ಒಮ್ಮೆ ಒತ್ತಿ ‘ಪುಸ್’ ಅನ್ನಿಸಬೇಕು, ಆಮೇಲೆ ಪಂಪು. ಒತ್ತದೆ ಹಾಗೇ ಪಂಪು ಹಾಕಿದ್ರೆ ವಾಲ್ವು ಅಂಟ್ಕೊಂಡು ಗಾಳಿ ಒಳಗೆ ಹೋಗಲ್ಲ, ಪಂಪೇ ಕೆಟ್ಟಿದೆ ಅನ್ಸುತ್ತೆ. ಪಂಪಿನ ಮುಳ್ಳು ‘ಬಾರ್’ ಲೆಕ್ಕದಲ್ಲಿರುತ್ತೆ, 1 ಬಾರ್ ಅಂದ್ರೆ 14.5 ಪಿ.ಎಸ್.ಐ. 38 ಎಂ.ಎಂ. ಟೈರಿಗೆ ಹಿಂದೆ 4, ಮುಂದೆ 3.3 ಇರಲಿ. ಜಲ್ಲಿ ಪುಡಿ ಹಾಕಿರೋ ದಾರಿ ಬಂದ್ರೆ ಇದಕ್ಕಿಂತ ಸ್ವಲ್ಪ ಕಡಿಮೆ.

ಅಲ್ಲಿನ ಕಲ್ಲು ಬಿಳಿ ಸುಣ್ಣಕಲ್ಲು. ಮಳೆ ಬಿದ್ರೆ ದಾರಿಯ ಪುಡಿ ಗಂಜಿ ಥರ ಆಗಿ ಚೈನಿಗೆ, ಬ್ರೇಕಿಗೆ ಮೆತ್ಕೊಳ್ಳುತ್ತೆ. ಸಂಜೆ ನೀರು ಹೊಯ್ದು ತೊಳೆದು, ಬಟ್ಟೇಲಿ ಒರೆಸಿ, ಚೈನಿನ ಒಂದೊಂದು ಕೊಂಡಿಗೆ ಒಂದು ಹನಿ ಎಣ್ಣೆ. ಹೆಚ್ಚು ಹಾಕಿದ್ರೆ ಮತ್ತೆ ಅದೇ ಪುಡಿ ಹಿಡ್ಕೊಳ್ಳುತ್ತೆ.

ಜೊತೆಗೆ ಇರಬೇಕಾದ್ದು: ಟ್ಯೂಬು ಎರಡು, ಟೈರ್ ಲಿವರ್ ಎರಡು, ಪ್ಯಾಚು, ಸಣ್ಣ ಪಂಪು, ಅಲೆನ್ ಕೀಲಿ ಗೊಂಚಲು, ತುಂಡಾದ ಚೈನು ಜೋಡಿಸೋಕೆ ಅದಕ್ಕೆ ತಕ್ಕ ಕ್ವಿಕ್ ಲಿಂಕ್, ಹತ್ತು ಜಿಪ್ ಟೈ. ಕಡ್ಡಿ ಮುರಿಯೋದು ಹೆಚ್ಚಾಗಿ ಹಿಂದಿನ ಚಕ್ರದ ಗೇರಿನ ಕಡೆ, ಆ ಕಡೆ ಬಿಗಿತ ಜಾಸ್ತಿ. ಮುರಿದ್ರೆ ಪಕ್ಕದ ಕಡ್ಡಿಗೆ ಸುತ್ತಿ ಜಿಪ್ ಟೈ ಹಾಕಿ, ಮುಂದಿನ ಊರಿಗೆ ಮೆಲ್ಲಗೆ ಹೋಗಿ.

ಬನ್ನೂರು_ಬೈಪಾಸ್ (ಮೈಸೂರು)

ಅಭ್ಯಾಸದ ಬಗ್ಗೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್‌ಗೂ ನಿಷೇಧ ಇದೆ, ಶ್ರೀರಂಗಪಟ್ಟಣಕ್ಕೆ ಹೋಗೋರು ಸರ್ವೀಸ್ ರಸ್ತೇಲೇ ಇರಿ. ನಿಮಗೆ ಸರಿಹೋಗೋದು ಮೈಸೂರು–ಬನ್ನೂರು–ಸೋಮನಾಥಪುರ–ತಿ.ನರಸೀಪುರ–ಮೈಸೂರು, ಸುಮಾರು 75 ಕಿ.ಮೀ. ಮಟ್ಟ ದಾರಿ, ನಡುವೆ ಹೊಯ್ಸಳರ ಕೇಶವ ದೇವಸ್ಥಾನ. ಅರಮನೆ ನೋಡಿ ಮತ್ತೆ ಸೈಕಲ್ ಹತ್ತೋ ಲಯ ಇಲ್ಲೇ ಅಭ್ಯಾಸ ಆಗುತ್ತೆ. ಮೇಲುಕೋಟೆ ಒಂದ್ಸಲ ಹತ್ತಿ ಬಂದ್ರೆ ಒಳ್ಳೇದು, ಆದ್ರೆ ಲ್ವಾರ್‌ಗೆ ಅಷ್ಟು ಏರು ಬೇಕಿಲ್ಲ.

ದೂರಕ್ಕಿಂತ ಮುಖ್ಯ, ಶನಿವಾರ–ಭಾನುವಾರ ಬೆನ್ನುಬೆನ್ನಿಗೆ ಹೋಗೋದು. ಕೂರೋ ಜಾಗ, ಅಂಗೈ ನೋವು ಗೊತ್ತಾಗೋದು ಎರಡನೇ ದಿನ. ಪ್ರತಿ ಚೀಲಕ್ಕೆ 2 ಲೀಟರಿನ ಎರಡು ನೀರಿನ ಬಾಟ್ಲಿ ಹಾಕಿ, ಎರಡೂ ಕಡೆ ಸೇರಿ ಸರಿಯಾಗಿ 8 ಕೆ.ಜಿ. ಸುಸ್ತಾದ್ರೆ ಮರದ ಬುಡಕ್ಕೆ ಸುರಿದು ಬರಬಹುದು.

ಒಂದು ಎಚ್ಚರಿಕೆ. ಜನವರೀಲಿ ಹಳ್ಳಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರ್ತಾರೆ. ಅದರ ಮೇಲೆ ತುಳಿಬೇಡಿ, ಇಳಿದು ಸೈಕಲ್ ಎತ್ಕೊಂಡು ದಾಟಿ. ಹುರುಳಿ ಬಳ್ಳಿ ಹಿಂದಿನ ಗೇರಿನ ಪುಟ್ಟ ಚಕ್ರಕ್ಕೆ ಸುತ್ಕೊಂಡ್ರೆ ಗೇರ್ ಬದಲಿಸೋ ಇಡೀ ಡಿರೇಲರ್‌ನ ಕಡ್ಡಿಗಳೊಳಕ್ಕೆ ಎಳೆದು ಹಾಕುತ್ತೆ. ರೈತರ ಕಾಳೂ ಹಾಳು.

ಅಲ್ಲಿನ ರಸ್ತೆ ಬಲಗಡೆ. ತಪ್ಪಾಗೋದು ಸಂದಣೀಲಲ್ಲ, ಖಾಲಿ ರಸ್ತೇಲಿ ಫೋಟೋಗೆ ನಿಂತು ಮತ್ತೆ ಹೊರಟಾಗ. ಕನ್ನಡಿ ಎಡ ಹ್ಯಾಂಡಲ್‌ಗೆ ಹಾಕಿಸಿ. ಹಳ್ಳಿಯೊಳಗೆ ಫಲಕ, ಗೆರೆ ಏನೂ ಇಲ್ಲದ ಕೂಡುರಸ್ತೇಲಿ ಬಲಗಡೆಯಿಂದ ಬರೋರಿಗೆ ಮೊದಲ ಹಕ್ಕು, ಅದು ಎಷ್ಟೇ ಸಣ್ಣ ಓಣಿ ಆಗಿರಲಿ. ಕಿವಿಗೆ ಇಯರ್‌ಫೋನ್ ಹಾಕಿದ್ರೆ 135 ಯೂರೋ ದಂಡ. ಕತ್ತಲಲ್ಲಿ ಊರ ಹೊರಗೆ ಮಿನುಗೋ ಜಾಕೆಟ್ ಕಡ್ಡಾಯ. ಮೇನಲ್ಲಿ ಸೂರ್ಯ ಮುಳುಗೋದು ರಾತ್ರಿ 9 ದಾಟಿದ ಮೇಲೆ, ಹಾಗಾಗಿ ಅದರ ಅಗತ್ಯ ಕಡಿಮೆ.

ನದಿಗೆ ಮಾತ್ರ ಇಳಿಬೇಡಿ. ಬೇಸಿಗೇಲಿ ಮರಳು ದಿಬ್ಬ ಎದ್ದು ನಮ್ಮ ಕಾವೇರಿ ಹಾಗೇ ಕಾಣುತ್ತೆ, ಆದ್ರೆ ಮರಳು ಕುಸಿಯುತ್ತೆ, ಸುಳಿ ಇದೆ.

ಚಟ್ನಿಪುಡಿ_ಡಬ್ಬಿ (ಮಂಡ್ಯ)

ಊಟದ ವಿಚಾರದಲ್ಲಿ ಹೊತ್ತೇ ಮುಖ್ಯ. ಹೋಟೆಲಲ್ಲಿ ಮಧ್ಯಾಹ್ನದ ಊಟ 12ರಿಂದ 2, ರಾತ್ರೀದು 7ರ ಮೇಲೆ. ಎರಡೂವರೆಗೆ ಹೋದ್ರೆ ಅಡುಗೆಮನೆ ಮುಚ್ಚಿರುತ್ತೆ. ಭಾನುವಾರ ಮಧ್ಯಾಹ್ನದ ಮೇಲೆ, ಸೋಮವಾರ ಪೂರ್ತಿ, ಹಳ್ಳಿ ಅಂಗಡಿ ಬಹಳಷ್ಟು ಬಾಗಿಲು ಹಾಕಿರ್ತವೆ. ಶನಿವಾರವೇ ಎರಡು ದಿನಕ್ಕಾಗೋಷ್ಟು ಹಣ್ಣು, ಟೊಮೇಟೊ, ಬೆಣ್ಣೆ ತಗೊಂಡಿರಿ.

‘ಜ ನ ಮಾಂಜ್ ನಿ ವಿಯಾಂದ್ ನಿ ಪ್ವಾಸೋಂ’, ಅಂದ್ರೆ ಮಾಂಸ, ಮೀನು ಎರಡೂ ತಿನ್ನಲ್ಲ. ಇದನ್ನ ಫ್ರೆಂಚಲ್ಲಿ ಚೀಟಿ ಬರೆದಿಟ್ಕೊಳ್ಳಿ. ಸಲಾಡ್, ಕಿಶ್ (ಮೊಟ್ಟೆ, ಕೆನೆ ತುಂಬಿ ಬೇಯಿಸಿದ ಕಡುಬಿನಂಥದ್ದು) ಎರಡರಲ್ಲೂ ‘ಲಾರ್ದೋಂ’ ಅಂತ ಹಂದಿಮಾಂಸದ ಚೂರು ಹಾಕ್ತಾರೆ, ಕೇಳದೆ ತಗೋಬೇಡಿ. ಆ ಸೀಮೆಯ ಆಡಿನ ಹಾಲಿನ ಚೀಸ್ ಹೆಸರುವಾಸಿ, ಸ್ಯಾಂತ್-ಮೋರ್‌ನಲ್ಲಿ ನಡುವೆ ಒಂದು ಹುಲ್ಲುಕಡ್ಡೀನೇ ಇರುತ್ತೆ. ಆದ್ರೆ ಇಂಥ ಸಾಂಪ್ರದಾಯಿಕ ಚೀಸ್‌ಗೆ ಹಾಲು ಹೆಪ್ಪು ಹಾಕೋದು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ. ಆಗಲ್ಲ ಅನ್ನೋರು ಬಿಟ್ಟುಬಿಡಿ, ಆಮ್ಲೆಟ್ ಎಲ್ಲ ಕಡೆ ಸಿಗುತ್ತೆ.

ಅಡುಗೆಮನೆ ಇರೋ ವಸತಿ ನಡುವೆ ಎರಡು ರಾತ್ರಿ ಸಿಗೋ ಹಾಗೆ ನೋಡಿ. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಖೋವಾ ಬೇಡ, ಹೊರಗಿನ ದೇಶದ ಹಾಲಿನ ಪದಾರ್ಥ ಯೂರೋಪಿಗೆ ಒಯ್ಯೋ ಹಾಗಿಲ್ಲ. ಹಸಿ ಕರಿಬೇವೂ ಬೇಡ.

ನೀರಿಗೆ ಊರ ಸ್ಮಶಾನದ ನಲ್ಲಿ ನೋಡಿ. ನಮಗೆ ಮನಸ್ಸು ಹಿಂಜರಿಯುತ್ತೆ, ಆದ್ರೆ ಸಣ್ಣ ಹಳ್ಳೀಲಿ ಖಾತ್ರಿಯಾಗಿ ನಲ್ಲಿ ಇರೋ ಜಾಗ ಅದು. ‘ಓ ನೋಂ ಪೊತಾಬ್ಲ್’ ಅಂತ ಬರೆದಿದ್ರೆ ಮಾತ್ರ ಕುಡಿಬೇಡಿ.

ಯಾದವಗಿರಿ_ಪೆಡಲ್ (ಮೈಸೂರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಮ್ಯೂರ್‌ನಿಂದಲೇ ಹೊರಡ್ತೀವಿ. ಮಂಡ್ಯದವರಿಗೆ ಇನ್ನೊಂದು ಪ್ರಶ್ನೆ: ಬ್ರೇಕ್ ಹಿಡಿಕೆ ನಮ್ಮ ಕಡೆ ಥರ ಅದಲು ಬದಲು ಮಾಡಿಕೊಡಿ ಅಂತ ಅಂಗಡೀಲಿ ಕೇಳಬಹುದಾ?

ಕಡ್ಡಿ_ನಿಪ್ಪಲ್ (ಮಂಡ್ಯ)

ತಂತಿ ಬ್ರೇಕಾದ್ರೆ, ತಂತಿ ಉದ್ದ ಸಾಕಾದ್ರೆ ಆಗುತ್ತೆ, ಕೇಳಿ ನೋಡಿ. ಎಣ್ಣೆ ಬ್ರೇಕಾದ್ರೆ ಕೇಳೋಕೆ ಹೋಗಬೇಡಿ. ಪೈಪು ಬಿಚ್ಚಿ ಗಾಳಿ ತೆಗೆಯೋ ಕೆಲಸ, ಬಾಡಿಗೆ ಸೈಕಲ್‌ಗೆ ಯಾರೂ ಮಾಡಲ್ಲ. ಅದರ ಬದಲು ಸಾಮಾನು ಹಾಕ್ಕೊಂಡು ಖಾಲಿ ಪಾರ್ಕಿಂಗ್ ಜಾಗದಲ್ಲಿ ಇಪ್ಪತ್ತು ಸಲ ನಿಲ್ಲಿಸಿ: ಮೊದಲು ಬಲಗೈ, ಅರೆಕ್ಷಣ ಬಿಟ್ಟು ಎಡಗೈ ಮೆತ್ತಗೆ. ಎಡ ಹಿಡಿಕೆಗೆ ಕೆಂಪು ಟೇಪು ಒಂದು ಸುತ್ತು ಸುತ್ತಿ, ಟೇಪು ಇಲ್ಲಿಂದಲೇ ಒಯ್ಯಿರಿ.