ಡಾಕ್ಟರ ಕೈ ಕಷ್ಟವೋ, ಬಾಯಿ ಕಷ್ಟವೋ?

ಡಾಕ್ಟರ ಕೈಬರಹ ಓದುವುದು ಕಷ್ಟವೋ, ಡಾಕ್ಟರ ಮಾತು ಕೇಳಿ ಟೈಪ್ ಮಾಡುವುದು ಕಷ್ಟವೋ? ಈ ಜಗಳ ಹತ್ತಿಕೊಂಡದ್ದು ಮುಂಬೈಯ ಮಾಟುಂಗಾದಲ್ಲಿ, ಶೆಟ್ರ ಹೋಟೆಲಿನಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲಿ ಹೊರಗೆ ಕ್ಯೂ ಇರುತ್ತದೆ. ಒಳಗೆ ದೋಸೆ ತಿನ್ನುವವರ ಕುರ್ಚಿ ಹಿಡಿದುಕೊಂಡೇ ಮುಂದಿನವರು ಕಾಯುತ್ತಾರೆ. ಅಡುಗೆಮನೆ ಬಾಗಿಲ ಪಕ್ಕದ ಒಂದು ಟೇಬಲ್ ಮಾತ್ರ ನಮ್ಮದು. ಹೊಗೆ ಜಾಸ್ತಿ, ಫ್ಯಾನ್ ಇಲ್ಲ. ಎಬ್ಬಿಸುವವರೂ ಇಲ್ಲ.

ಕೈಬರಹದ ಪರ ವಕಾಲತ್ತು ಪೈ ಮಾಮನದು. ದಾದರ್ ಕಡೆ ಅವರ ಔಷಧಿ ಅಂಗಡಿ. ಮಾತಿನ ಪರ ಶಾರದಕ್ಕ. ಅಮೆರಿಕದ ಡಾಕ್ಟರು ಹೇಳಿದ್ದನ್ನು ಡೊಂಬಿವಿಲಿಯಲ್ಲಿ ಕೂತು ಟೈಪ್ ಮಾಡುವುದು ಅವರ ಕೆಲಸ. ಮೇಷ್ಟ್ರು ಕನ್ನಡ ಶಾಲೆಯಿಂದ ರಿಟೈರ್ ಆದವರು. ಯಾರೂ ಕೇಳದಿದ್ದರೂ ತೀರ್ಪು ಕೊಡುವ ಕುರ್ಚಿಯಲ್ಲಿ ಕೂತರು. ನಾನು ಚಟ್ನಿಯ ಪಕ್ಷ.

"ನಿಮಗೆ ನಿಯಮವಾದರೂ ಇದೆ ಮಾಮ," ಅಂದರು ಶಾರದಕ್ಕ. "2016ರಲ್ಲೇ ಮೆಡಿಕಲ್ ಕೌನ್ಸಿಲ್ ಹೇಳಿತಲ್ಲ, ಔಷಧಿಯ ಜನರಿಕ್ ಹೆಸರನ್ನು ಓದಲು ಬರುವ ಹಾಗೆ, ಆದಷ್ಟು ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಿರಿ ಅಂತ. ಬಾಯಿ ಬಿಟ್ಟು ಮಾತಾಡಿ ಅಂತ ನಮ್ಮ ಡಾಕ್ಟರಿಗೆ ಯಾರು ಹೇಳುತ್ತಾರೆ?"

"ನಿಯಮ ಬಂತು. ಕ್ಯಾಪಿಟಲ್ ಅಕ್ಷರ ಎಲ್ಲಿ ಬಂತು?" ಅಂದರು ಪೈ ಮಾಮ.

ಶೆಟ್ರಿಗೆ ಬೇರೆಯೇ ಅನುಮಾನ. "ಅಲ್ಲಿಯ ಡಾಕ್ಟರು ಮಾತಾಡಿದ್ದನ್ನು ಅಲ್ಲಿಯವರೇ ಬರೆದುಕೊಳ್ಳಬಾರದಾ ಮಾರಾಯ್ರೆ? ಡೊಂಬಿವಿಲಿಗೆ ಯಾಕೆ ಕಳಿಸಬೇಕು?"

"ಗಡಿಯಾರದಿಂದಾಗಿ ಶೆಟ್ರೆ. ಅವರು ಸಂಜೆ ರೌಂಡ್ಸ್ ಮುಗಿಸಿ ಹೇಳಿದ್ದು ನಮಗೆ ಬೆಳಗಿನ ಕಾಫಿ ಹೊತ್ತಿಗೆ ಬರುತ್ತೆ. ಅವರು ಮಲಗಿ ಏಳುವಷ್ಟರಲ್ಲಿ ಟೈಪ್ ಆಗಿ ಹೋಗಿರುತ್ತೆ. ಸಂಬಳವೂ ನಮ್ಮದು ಕಡಿಮೆ ಅನ್ನಿ."

ಸಂಬಳ ಅಲ್ಲ, ಸಾಲಿನ ಲೆಕ್ಕ. ಖಾಲಿ ಜಾಗವೂ ಸೇರಿ 65 ಅಕ್ಷರಕ್ಕೆ ಒಂದು ಸಾಲು. ಒಂದು ಪದಕ್ಕಾಗಿ ಅರ್ಧ ಗಂಟೆ ತಡಕಾಡಿದರೂ ಆ ಸಾಲಿಗೆ ಸಿಗುವುದು ಅಷ್ಟೇ. ಕಿವಿಗೆ ಹೆಡ್‌ಫೋನ್, ಕಾಲಡಿಯಲ್ಲಿ ಪೆಡಲ್. ಪೆಡಲ್ ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಬಿಟ್ಟರೆ ನಿಲ್ಲುತ್ತಾರೆ. ಇನ್ನೊಂದು ಬದಿ ಒತ್ತಿದರೆ ಹಿಂದೆ ಹೋಗುತ್ತಾರೆ.

"ಗಂಡಸರನ್ನು ಹೀಗೆ ನಿಲ್ಲಿಸುವ ಪೆಡಲ್ ನಮ್ಮ ಮನೆಗೂ ಒಂದು ಬೇಕಿತ್ತು," ಅಂತ ಗಲ್ಲಾದಿಂದ ಶೆಟ್ರ ಹೆಂಡತಿಯ ದನಿ ಬಂತು. ಶೆಟ್ರು ಕೇಳಿಸಲಿಲ್ಲ ಅನ್ನುವಂತೆ ಫಿಲ್ಟರ್ ಕಾಫಿ ಎತ್ತಿ ಎತ್ತಿ ಹೊಯ್ದರು.

ಶಾರದಕ್ಕನ ದೂರು ಒಂದೆರಡಲ್ಲ. ಡಾಕ್ಟರು ಸೇಬು ಕಚ್ಚುತ್ತಾ ಹೇಳುತ್ತಾರೆ. ಕಾರು ಓಡಿಸುತ್ತಾ ಹೇಳುತ್ತಾರೆ. ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರು ಇನ್ನೊಬ್ಬ ಪೇಷಂಟಿನ ಕಥೆ ಹೇಳುತ್ತಿರುತ್ತಾರೆ, ಇಬ್ಬರ ರೋಗವೂ ಒಂದೇ ಕಿವಿಗೆ ಬೀಳುತ್ತೆ. "ಎಲ್ಲದಕ್ಕಿಂತ ಸಿಟ್ಟು ಬರುವುದು ಯಾವುದಕ್ಕೆ ಗೊತ್ತಾ? ಪೇಷಂಟಿನ ಹೆಸರು ಸ್ಮಿತ್ ಅಂತ ಇಟ್ಟುಕೊಳ್ಳಿ. ಅದನ್ನು ಎಸ್, ಎಮ್, ಐ, ಟಿ, ಎಚ್ ಅಂತ ಮಗುವಿಗೆ ಹೇಳಿದಂತೆ ಬಿಡಿಸಿ ಹೇಳುತ್ತಾರೆ. ಆಮೇಲೆ ಹದಿನಾಲ್ಕು ಅಕ್ಷರದ ರೋಗದ ಹೆಸರನ್ನು ಒಂದೇ ಗುಟುಕಿಗೆ ನುಂಗುತ್ತಾರೆ."

"ಒಂದು ಕೇಳಿಸಿ ನೋಡೋಣ," ಅಂದರು ಶೆಟ್ರು ಕೈ ಒರೆಸಿಕೊಳ್ಳುತ್ತಾ.

"ಅದು ಆಗದು. 1996ರಿಂದ ಹಿಪಾ ಅಂತ ಅಲ್ಲಿ ಕಾನೂನು ಇದೆ. ಪೇಷಂಟಿನ ವಿಷಯ ಹೊರಗೆ ಹೋಗುವಂತಿಲ್ಲ. ಬರೀ ಶಬ್ದ ಹೇಳುತ್ತೇನೆ, ನೀವು ಹುಡುಕಿ. ಸೋಯಸ್. ಒಂದು ಸ್ನಾಯುವಿನ ಹೆಸರು."

ಮೇಷ್ಟ್ರು ಕನ್ನಡಕ ಏರಿಸಿ ಮೊಬೈಲಿನಲ್ಲಿ ಎಸ್ ಒತ್ತಿದರು, ಓ ಒತ್ತಿದರು. ಸೋಯಾ ಸಾಸ್ ಸಿಕ್ಕಿತು. ಶೆಟ್ರು ಅದರ ರೇಟು ನೋಡಲು ಬಗ್ಗಿದರು.

ಪೈ ಮಾಮ ಮಾತ್ರ ಕಣ್ಣು ಮುಚ್ಚಿ ಕೂತರು. "ನಮ್ಮ ಅಂಗಡಿಗೆ ಸೋರಿಯಾಸಿಸ್ ಮುಲಾಮು ಬರುತ್ತೆ. ಅದಕ್ಕೆ ಮೊದಲು ಪಿ ಇದೆ. ಇದಕ್ಕೂ ಪಿ ಇರಬೇಕು."

ಇತ್ತು! ಸೊಂಟದ ಬೆನ್ನುಮೂಳೆಯಿಂದ ತೊಡೆಗೆ ಇಳಿಯುವ ಸ್ನಾಯು ಅದು. ಪಿ ಬರೆಯಬೇಕು, ಉಚ್ಚರಿಸಬಾರದು. ರೆಪ್ಪೆ ಜೋತು ಬೀಳುವ ಕಾಯಿಲೆಗೆ ಟೋಸಿಸ್ ಅನ್ನುತ್ತಾರೆ, ಅಲ್ಲೂ ಮುಂದೆ ಒಂದು ಪಿ ಬಾಯಿ ಮುಚ್ಚಿ ಕೂತಿರುತ್ತೆ. ನಿಘಂಟಿನಲ್ಲಿ ನೋಡಬೇಕೆಂದರೆ ಮೊದಲಕ್ಷರ ಗೊತ್ತಿರಬೇಕು. ಮೊದಲಕ್ಷರ ಗೊತ್ತಿದ್ದರೆ ನಿಘಂಟು ಯಾಕೆ ಬೇಕಿತ್ತು ಅಲ್ವಾ?

"ಇನ್ನೊಂದು. ಶೋಗ್ರಿನ್."

ಮೇಷ್ಟ್ರು ಈ ಸಲ ಜಾಣರಾಗಿ ಮುಂದೆ ಪಿ ಸೇರಿಸಿದರು. ಏನೂ ಬರಲಿಲ್ಲ. ಪಿ ತೆಗೆದರು. ಹಸಿರು ಬಣ್ಣದ ಶೂ ಬಂತು, ಅರ್ಧ ಬೆಲೆಗೆ.

ಕೊನೆಗೆ ಶಾರದಕ್ಕನೇ ಹೇಳಬೇಕಾಯಿತು. ಎಸ್ ಆದ ಮೇಲೆ ಜೆ. ಹೆನ್ರಿಕ್ ಶೋಗ್ರಿನ್ ಎಂಬ ಸ್ವೀಡನ್ನಿನ ಕಣ್ಣಿನ ಡಾಕ್ಟರು 1933ರಲ್ಲಿ ತಮ್ಮ ಪ್ರಬಂಧದಲ್ಲಿ ಬರೆದ ಕಾಯಿಲೆ. ಕಣ್ಣು ಒಣಗುತ್ತೆ, ಬಾಯಿ ಒಣಗುತ್ತೆ. "ಎಸ್ ಪಕ್ಕದಲ್ಲಿ ಜೆ ಇಟ್ಟರೆ ಅದು ಹೇಗ್ರೀ ಶೋ ಆಗುತ್ತೆ?" ಅಂತ ಮೇಷ್ಟ್ರು ಸ್ವೀಡನ್ನಿನ ಮೇಲೆಯೇ ಸಿಟ್ಟಾದರು. ಕಾಗುಣಿತ ತಿದ್ದಿ ಜೀವನ ಸವೆಸಿದವರಿಗೆ ಇದು ಸಹಿಸುವ ಮಾತಲ್ಲ.

"ಅಯ್ಯೋ, ಇವೆಲ್ಲ ಸುಲಭದವು," ಅಂದರು ಶಾರದಕ್ಕ. "ಕೇಳಿಸದ ಪದ ನಮ್ಮನ್ನು ಕೆಡಿಸುವುದಿಲ್ಲ. ಕೇಳಿಸಿತು ಅಂತ ಅನ್ನಿಸುವ ಪದವೇ ಕೆಡಿಸುವುದು."

ಉದಾಹರಣೆಗೆ ಫೆಬ್ರೈಲ್ ಅಂದರೆ ಜ್ವರ ಇದೆ. ಎಫೆಬ್ರೈಲ್ ಅಂದರೆ ಜ್ವರ ಇಲ್ಲ. ಡಾಕ್ಟರು ಆ 'ಎ' ಹೇಳಿ ಒಂದು ಕ್ಷಣ ಉಸಿರು ಎಳೆದುಕೊಂಡರೋ, ಜ್ವರ ಇಲ್ಲದವನಿಗೆ ಜ್ವರ ಬಂತು. ಆಗ ಮುಂದಿನ ಸಾಲು ಕೇಳಬೇಕು. ಟೆಂಪರೇಚರ್ 98.4 ಅಂದರೆ ಎಲ್ಲ ಸೇರಿ ಒಂದು ಪದ, 102 ಅಂದರೆ 'ಎ' ಬೇರೆ, 'ಫೆಬ್ರೈಲ್' ಬೇರೆ, ಎರಡು ಪದ. ಇಲಿಯಂ ಅಂತ ಎರಡಿವೆ, ಒಂದು ಸಣ್ಣ ಕರುಳಿನ ಕೊನೆಯ ಭಾಗ, ಇನ್ನೊಂದು ಸೊಂಟದ ಮೂಳೆ. ಕಿವಿಗೆ ಕೂದಲಷ್ಟೂ ವ್ಯತ್ಯಾಸ ಇಲ್ಲ, ಬರೆಯುವಾಗ ನಡುವೆ ಇ ಬೇಕೋ ಐ ಬೇಕೋ ಅನ್ನುವುದಷ್ಟೇ. ಹೊಟ್ಟೆ ಕೊಯ್ಯುವ ಡಾಕ್ಟರೋ, ಮೂಳೆ ಡಾಕ್ಟರೋ ಅಂತ ನೋಡಿ ಹಾಕಬೇಕು. ಕೈಯನ್ನು ಮೈಯಿಂದ ದೂರ ಒಯ್ದರೆ ಅಬ್ಡಕ್ಷನ್, ಹತ್ತಿರ ತಂದರೆ ಅಡ್ಡಕ್ಷನ್. ಒಳ್ಳೆಯ ಡಾಕ್ಟರು ಎ-ಬಿ-ಡಕ್ಷನ್, ಎ-ಡಿ-ಡಕ್ಷನ್ ಅಂತ ಬಿಡಿಸಿ ಹೇಳುತ್ತಾರಂತೆ. ಅಂಥವರ ಫೈಲ್ ಬಂದ ದಿನ ಶಾರದಕ್ಕ ಮನೆಯಲ್ಲಿ ಪಾಯಸ ಮಾಡುತ್ತಾರೆ.

"ನಮಗೂ ಫಿಫ್ಟೀನ್, ಫಿಫ್ಟಿ ಇದೆ," ಅಂದರು ಶೆಟ್ರು. "ಒಂದು ಮುಂಜಿ ಮನೆಯಿಂದ ಫೋನು. ಹದಿನೈದು ಪ್ಲೇಟ್ ಇಡ್ಲಿ ಅಂದದ್ದಕ್ಕೆ ಐವತ್ತು ಹೋಯಿತು."

"ಆಮೇಲೆ?"

"ಆಮೇಲೆ ಎಂತ? ತಿಂದರು. ಮುಂಜಿಯಲ್ಲಿ ಇಡ್ಲಿ ಉಳಿದದ್ದು ನೀವು ನೋಡಿದ್ದೀರಾ?"

"ಐವತ್ತು ಮಿಲಿಗ್ರಾಂ ತಿಂದರೆ ಪೇಷಂಟ್ ಉಳಿಯೋದಿಲ್ಲ ಶೆಟ್ರೆ. ಅದಕ್ಕೇ ಒನ್ ಫೈವ್, ಫೈವ್ ಝೀರೋ ಅಂತ ಹೇಳಿ ಅಂತ ಅವರ ಕಾಲು ಹಿಡಿಯುವುದು."

ಇಲ್ಲಿ ಪೈ ಮಾಮನಿಗೂ ಹುರುಪು ಬಂತು. ಔಷಧಿಯ ಹೆಸರು ಇಡುವವರಿಗೇ ಮೊದಲು ಬೈಯಬೇಕು ಅನ್ನುವುದು ಅವರ ವಾದ. ಆಸಿಡಿಟಿಗೆ ನಾವು ನುಂಗುವ ಒಮೆಪ್ರಝೋಲ್ ಇದೆಯಲ್ಲ, ಅಮೆರಿಕದಲ್ಲಿ ಅದನ್ನು ಮೊದಲು ಲೋಸೆಕ್ ಅಂತ ಮಾರಿದರು. ಮೂತ್ರ ಹೋಗಿಸುವ ಲ್ಯಾಸಿಕ್ಸ್ ಆಗಲೇ ಅಂಗಡಿಯಲ್ಲಿತ್ತು. ಬರೆದರೂ ಒಂದೇ ಥರ, ಹೇಳಿದರೂ ಒಂದೇ ಥರ. ಅದರ ಬದಲು ಇದು ಹೋಗಲು ಶುರುವಾಗಿ, 1990ರಲ್ಲಿ ಅದರ ಹೆಸರನ್ನೇ ಪ್ರೈಲೋಸೆಕ್ ಅಂತ ಬದಲಾಯಿಸಿದರು. ಅಷ್ಟಾದರೂ ಬುದ್ಧಿ ಬಂತಾ? ಮನಸ್ಸಿನ ಕಾಯಿಲೆಗೆ ಬ್ರಿಂಟೆಲಿಕ್ಸ್ ಅಂತ ಬಂತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಬ್ರಿಲಿಂಟಾ ಜೊತೆ ಅದು ಕಲಸಿಹೋಯಿತು. 2016ರಲ್ಲಿ ಅದನ್ನೂ ಟ್ರಿಂಟೆಲಿಕ್ಸ್ ಮಾಡಿದರು.

"ನೋಡಿ, ಕೈಬರಹಕ್ಕೂ ಮಾತಿಗೂ ಎರಡಕ್ಕೂ ಅನ್ವಯ," ಅಂತ ಮೇಷ್ಟ್ರು ತೀರ್ಪು ಕೊಡಲು ಹೊರಟರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಯಾಕೆಂದರೆ ಶಾರದಕ್ಕ ಸಾರಿನ ಕಥೆ ಶುರು ಮಾಡಿದ್ದರು. ಅವರು ಅಂಧೇರಿಯ ಆಫೀಸಿಗೆ ಹೋಗುತ್ತಿದ್ದ ಕಾಲದ್ದು. ಪಕ್ಕದ ಸೀಟಿನ ಮರಾಠಿ ಹುಡುಗಿಗೆ ಒಂದು ಫೈಲ್ ಬಂತು. ಹೃದಯದ ಪೇಷಂಟ್, ಡಿಸ್ಚಾರ್ಜ್ ಸಮರಿ. ಮೊದಲಿಗೆ "ಕ್ಯಾಬೇಜ್ ಟೈಮ್ಸ್ ತ್ರೀ" ಅಂತ ಬಂತು.

"ಮೂರು ಹೊತ್ತೂ ಎಲೆಕೋಸು? ಗ್ಯಾಸ್ ಆಗುತ್ತೆ," ಅಂದರು ಶೆಟ್ರು.

ಎಲೆಕೋಸಲ್ಲ, ಬೈಪಾಸ್ ಆಪರೇಷನ್. ಅದರ ಇಂಗ್ಲಿಷ್ ಹೆಸರಿನ ನಾಲ್ಕು ಮೊದಲಕ್ಷರ ಕೂಡಿಸಿ ಓದಿದರೆ ಕ್ಯಾಬೇಜ್ ಆಗುತ್ತೆ. ಮೂರು ಕಡೆ ಬೈಪಾಸ್ ಮಾಡಿದ್ದಾರೆ ಅಂತ ಅರ್ಥ. ಇದು ಆ ಹುಡುಗಿಗೆ ಗೊತ್ತಿತ್ತು. ಮುಂದೆ ಪಥ್ಯ ಬಂತು. ದಿನಕ್ಕೆ ಎರಡು ಗ್ರಾಂ ಸೋಡಿಯಂ ಮೀರಬಾರದು, ಅಂದರೆ ಐದು ಗ್ರಾಂ ಉಪ್ಪು, ಒಂದು ಸಣ್ಣ ಚಮಚ. ಅದೂ ಸರಿ. ಅದರ ಹಿಂದೆಯೇ ಮೂರು ಪದ ಬಂದವು. ಹುಡುಗಿ ಪೆಡಲ್ ಒತ್ತಿ ಒತ್ತಿ ಸುಸ್ತಾದಳು. ನಿಘಂಟಿನಲ್ಲಿ ಇಲ್ಲ. ಔಷಧಿ ಪಟ್ಟಿಯಲ್ಲಿ ಇಲ್ಲ. ಮೇಲಿನವರು ಕೇಳಿ, ಶ್ವಾಸಕೋಶಕ್ಕೆ ಬರುವ ಸಾರ್ಕಾಯ್ಡ್ ಇರಬಹುದು ಅಂದರು. ಇನ್ನೊಬ್ಬರು, ಇಲ್ಲ, ಯಾವುದೋ ಹೊಸ ಔಷಧಿ ಅಂದರು. ಆಮೇಲೆ ಹೆಡ್‌ಫೋನ್ ಶಾರದಕ್ಕನ ಕಿವಿಗೆ ಬಂತು.

"ಸಾರಿಗೆ ಉಪ್ಪು ಹಾಕಿದ್ದೀಯೇನೇ?"

ನಮ್ಮ ಕಡೆಯವರೇ ಯಾರೋ, ಅಲ್ಲಿ ಹೋಗಿ ಡಾಕ್ಟರಾದವರು. ಮನೆಯಿಂದ ಫೋನಿನಲ್ಲಿ ಹೇಳುತ್ತಿದ್ದರು. ಪೇಷಂಟಿಗೆ ಉಪ್ಪು ಕಡಿಮೆ ಮಾಡಿ ಅಂತ ಹೇಳಿ ಮುಗಿಸಿ, ಅದೇ ಉಸಿರಿನಲ್ಲಿ ತಮ್ಮ ಊಟದ ವಿಚಾರಣೆ.

ನಾವು ನಕ್ಕ ರಭಸಕ್ಕೆ ಕ್ಯೂನಲ್ಲಿದ್ದವರು ತಿರುಗಿ ನೋಡಿದರು. ಶೆಟ್ರು ಮಾತ್ರ ಗಂಭೀರವಾಗಿದ್ದರು. "ಹಾಕಿದ್ದರಾ?"

"ಏನು?"

"ಉಪ್ಪು."

"ಆ ಕಡೆಯ ಉತ್ತರ ರೆಕಾರ್ಡ್ ಆಗಿರಲಿಲ್ಲ ಶೆಟ್ರೆ."

"ಸರಿ, ಗೊತ್ತಾಗದೇ ಇದ್ದದ್ದಕ್ಕೆ ನೀವು ಕೊನೆಗೆ ಏನು ಹಾಕುತ್ತೀರಿ?" ಅಂತ ಮೇಷ್ಟ್ರು ಕೇಳಿದರು.

"ಬ್ಲಾಂಕ್. ಒಂದು ಗೆರೆ ಎಳೆದು, ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಅಂತ ಬರೆದು ಮೇಲಕ್ಕೆ ಕಳಿಸುವುದು. ಅವರಿಗೂ ತಿಳಿಯದಿದ್ದರೆ ಡಾಕ್ಟರೇ ತುಂಬಬೇಕು."

ಇದು ಶೆಟ್ರಿಗೆ ಹಿಡಿಸಲಿಲ್ಲ. "ಖಾಲಿ ಬಿಡುವುದು ಎಂತ ಧಂದೆ? ನನ್ನ ಹುಡುಗನಿಗೆ ಗಿರಾಕಿ ಹೇಳಿದ್ದು ಕೇಳಿಸದಿದ್ದರೆ ಮಸಾಲೆ ದೋಸೆ ಇಡುತ್ತಾನೆ. ಇವತ್ತಿನವರೆಗೆ ಯಾರೂ ವಾಪಸ್ ಕಳಿಸಿಲ್ಲ."

ಶಾರದಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಶೆಟ್ರೆ, ಈಗ ಬಂದಿರುವ ಸಾಫ್ಟ್‌ವೇರ್ ಮಾಡುವುದೂ ಇದನ್ನೇ! ಮೊದಲು ಅದು ಕೇಳಿ ಬರೆಯುತ್ತೆ, ಆಮೇಲೆ ನಾನು ತಿದ್ದುತ್ತೇನೆ. ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ಜಾಸ್ತಿ ಓಡುವ ಪದ ಇಟ್ಟುಬಿಡುತ್ತೆ. ವ್ಯಾಕರಣ ಸರಿ, ಸ್ಪೆಲ್ಲಿಂಗ್ ಸರಿ, ಓದಲು ಚೆಂದ. ಡಾಕ್ಟರು ಸುಮ್ಮನೆ ಕೆಮ್ಮಿದ ಕಡೆಯೂ ಒಮ್ಮೊಮ್ಮೆ ಒಂದು ವಾಕ್ಯ ಹುಟ್ಟಿರುತ್ತೆ. ನಮ್ಮ ಹುಡುಗಿಯ ಗೆರೆ ಕಣ್ಣಿಗೆ ಹೊಡೆಯುತ್ತಿತ್ತು. ಇದರ ಮಸಾಲೆ ದೋಸೆಯನ್ನು ತಟ್ಟೆ ನೋಡಿ ಕಂಡುಹಿಡಿಯಲು ಆಗೋದಿಲ್ಲ."

ನನಗೆ ಕೇಳಿದರೆ ಅವತ್ತಿನ ಜಗಳ ಇಲ್ಲಿಗೇ ತೀರಿತ್ತು. ಆದರೆ ಮೇಷ್ಟ್ರಿಗೆ ಇನ್ನೂ ಏನೂ ಹೇಳಲು ಸಿಕ್ಕಿರಲಿಲ್ಲ. ಅವರು ಬಾಂಬೆ ಬ್ಲಡ್ ಗ್ರೂಪ್ ತೆಗೆದರು. 1952ರಲ್ಲಿ ಇದೇ ಊರಿನಲ್ಲಿ ಡಾಕ್ಟರ್ ಭೆಂಡೆ ಮತ್ತು ಸಂಗಡಿಗರು ಕಂಡುಹಿಡಿದ ರಕ್ತದ ಗುಂಪು. ಮಾಮೂಲಿ ಪರೀಕ್ಷೆಯಲ್ಲಿ ಓ ಅಂತಲೇ ತೋರಿಸುತ್ತದೆ. ಆದರೆ ಓ ರಕ್ತದಲ್ಲಿ ಇರುವ ಎಚ್ ಎಂಬ ಅಂಶ ಇವರಲ್ಲಿ ಇರುವುದಿಲ್ಲ. ಹಾಗಾಗಿ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ, ಇವರಿಗೆ ಇದೇ ಗುಂಪಿನ ರಕ್ತವೇ ಬೇಕು. "ಅಲ್ಲೂ ನಿಮ್ಮ ಮಸಾಲೆ ದೋಸೆಯೇ ಶೆಟ್ರೆ!"

ಶಾರದಕ್ಕನ ಆಫೀಸಿನಲ್ಲಿ ಹೊಸಬನೊಬ್ಬ ಈ ಬಾಂಬೆಯನ್ನು ಪೇಷಂಟಿನ ಊರು ಅಂತ ತಿಳಿದು ಟೈಪ್ ಮಾಡಿದ್ದನಂತೆ. ಅಷ್ಟೇ ಆಗಿದ್ದರೆ ಸರಿ, ಹಳೇ ಹೆಸರು ಬೇಡ ಅಂತ ಮುಂಬೈ ಅಂತ ತಿದ್ದಿಯೂ ಇದ್ದ.

"ಊರಿನ ಹೆಸರು ಬದಲಾಯಿಸಿದ್ದು 1995ರಲ್ಲಿ," ಅಂದರು ಶೆಟ್ರು. "ರಕ್ತಕ್ಕೆ ಯಾರೂ ನೋಟಿಸ್ ಕಳಿಸಲಿಲ್ಲ."

ಅಷ್ಟರಲ್ಲಿ ಪೈ ಮಾಮನ ಅಂಗಡಿಯ ಹುಡುಗ ಓಡಿ ಬಂದ. ಕೈಯಲ್ಲಿ ಚೀಟಿ. ಮಾಮ ಅದನ್ನು ಬೆಳಕಿಗೆ ಹಿಡಿದರು, ದೂರ ಹಿಡಿದರು, ಹತ್ತಿರ ತಂದರು. "ಲ್ಯಾಮಿ... ಮುಂದೆ ಹೋಗುತ್ತಿಲ್ಲ. ಲ್ಯಾಮಿಸಿಲ್ ಆದರೆ ಫಂಗಸ್‌ಗೆ. ಲ್ಯಾಮಿಕ್ಟಾಲ್ ಆದರೆ ಫಿಟ್ಸ್‌ಗೆ. ಗಿರಾಕಿ ಹೇಗಿದ್ದಾರೋ?"

"ಸೇಠ್, ಚಪ್ಪಲಿ ಬಿಟ್ಟು ಕಾಲ್ಬೆರಳ ಸಂದಿ ಕೆರೆದುಕೊಳ್ಳುತ್ತಾ ಕೂತಿದ್ದಾರೆ."

"ಆಯಿತಲ್ಲ, ಫಂಗಸ್! ಮುಂದಿನ ಸಾಲು ಸಿಕ್ಕಿತು," ಅಂದರು ಮೇಷ್ಟ್ರು.

"ಫಿಟ್ಸ್ ಇದ್ದವರಿಗೆ ಕಾಲು ಕೆರೆಯಬಾರದು ಅಂತ ಇದೆಯಾ?" ಅಂದರು ಶಾರದಕ್ಕ.

ಪೈ ಮಾಮ ಅಷ್ಟರಲ್ಲೇ ಡಾಕ್ಟರಿಗೆ ಫೋನ್ ಹಚ್ಚಿದ್ದರು. ಸ್ಪೀಕರ್ ಹಾಕಿ ಟೇಬಲ್ ಮೇಲಿಟ್ಟರು. ಡಾಕ್ಟರು ಎಲ್ಲೋ ಟ್ರಾಫಿಕ್‌ನಲ್ಲಿದ್ದರು. ಪೇಷಂಟಿನ ಹೆಸರು ಶಾ ಅಂತ ಹೇಳಿದರು. ತಿಳಿಯಲಿಲ್ಲವೇನೋ ಅಂತ ಎಸ್ ಫಾರ್ ಶುಗರ್, ಎಚ್ ಫಾರ್ ಹೋಟೆಲ್, ಎ ಫಾರ್ ಆ್ಯಪಲ್, ಇನ್ನೊಂದು ಎಚ್ ಅಂತ ನಿಧಾನವಾಗಿ ಬಿಡಿಸಿದರು. ಆಮೇಲೆ ಔಷಧಿಯ ಹೆಸರು ಹೇಳಿದರು. ಅದು ಬೆಸ್ಟ್ ಬಸ್ಸಿನ ಹಾರ್ನ್ ಕೆಳಗೆ ಹೋಯಿತು.

ಮಾಮ ಏನೂ ಮಾತಾಡದೆ ಫೋನನ್ನು ಶಾರದಕ್ಕನ ಕಡೆ ತಳ್ಳಿದರು.

"ಸರ್, ಔಷಧಿಯ ಸ್ಪೆಲ್ಲಿಂಗ್ ಒಮ್ಮೆ ಹೇಳುತ್ತೀರಾ?"

"ಸ್ಪೆಲ್ಲಿಂಗ್ ಯಾಕೆ?" ಅಂದರು ಡಾಕ್ಟರು. "ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೇನಲ್ಲ!"