ಪವರ್ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ: ಹಳೆಯ ಡೆಸ್ಕ್‌ಟಾಪ್

ಪ್ರಶ್ನೆ:
ನಮಸ್ಕಾರ. 2006ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಒಂದು ಎರಡು ವರ್ಷಗಳಿಂದ ಮೂಲೆಯಲ್ಲಿತ್ತು. ಅದರಲ್ಲಿರುವ ಹಳೆಯ ಫೋಟೊಗಳಿಗಾಗಿ ಕಳೆದ ವಾರ ಹೊರತೆಗೆದೆ. ಪವರ್ ಬಟನ್ ಒತ್ತಿದರೆ ಸಿಪಿಯು ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಬೀಪ್ ಇಲ್ಲ, ಮಾನಿಟರ್‌ನಲ್ಲಿ ಏನೂ ಮೂಡುವುದಿಲ್ಲ. ಮದರ್‌ಬೋರ್ಡಿನ ಹಸಿರು ದೀಪ ಮಾತ್ರ ಉರಿಯುತ್ತಿರುತ್ತದೆ. ರ‍್ಯಾಮ್ ಕಿತ್ತು, ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ್ದೇನೆ. ದಿನಾಂಕ, ಸೆಟ್ಟಿಂಗ್‌ಗಳನ್ನು ಉಳಿಸಿಡುವ ಸಿಎಂಒಎಸ್ ಬ್ಯಾಟರಿಯನ್ನೂ ಬದಲಾಯಿಸಿದ್ದೇನೆ. ಮದರ್‌ಬೋರ್ಡ್ ಹೋಗಿದೆಯೆಂದು ತೀರ್ಮಾನಿಸಬಹುದೇ?

ಉತ್ತರ:
ಅಷ್ಟು ಬೇಗ ಬೇಡ. ನೀವು ಬರೆದಿರುವುದರಲ್ಲಿ ಆ ಅರ್ಧ ಸುತ್ತೇ ಮುಖ್ಯವಾದ ಸುಳಿವು. ರ‍್ಯಾಮ್‌ನ ತೊಂದರೆಯಾಗಿದ್ದರೆ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತಲೇ ಇದ್ದು ಪರದೆ ಮಾತ್ರ ಕಪ್ಪಾಗಿರುತ್ತದೆ. ತಿರುಗಲು ಹೊರಟು ನಿಲ್ಲುತ್ತದೆಯೆಂದರೆ, ಎಲ್ಲಿಯೋ ಶಾರ್ಟ್ ಇರುವುದನ್ನು ಕಂಡು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಡಬ್ಬಿ) ತಾನಾಗಿ ಆರುತ್ತಿರಬೇಕು, ಇಲ್ಲವೇ ಹೊರೆ ಬಿದ್ದೊಡನೆ ಅದರ ವೋಲ್ಟೇಜ್ ಕುಸಿಯುತ್ತಿರಬೇಕು. ಹಸಿರು ದೀಪವನ್ನು ನಂಬಬೇಡಿ. ಅದು ಉರಿಯಲು ಅತ್ಯಲ್ಪ ವಿದ್ಯುತ್ ಸಾಕು.

ಮೊದಲು ಪ್ಲಗ್ ಕಿತ್ತು ಹಾರ್ಡ್‌ಡಿಸ್ಕ್, ಡಿವಿಡಿ ಡ್ರೈವ್ ಹಾಗೂ ಹೆಚ್ಚುವರಿ ಕಾರ್ಡ್‌ಗಳನ್ನೆಲ್ಲ ಬಿಡಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಆಗಲೂ ಹಾಗೆಯೇ ಆದರೆ, ಮದರ್‌ಬೋರ್ಡಿಗೆ ಹೋಗುವ ದೊಡ್ಡ ಕನೆಕ್ಟರಿನ ನೇರಳೆ ತಂತಿಗೂ ಕಪ್ಪು ತಂತಿಗೂ ಮಲ್ಟಿಮೀಟರ್ ಹಿಡಿದು, ಬಟನ್ ಒತ್ತುವ ಕ್ಷಣದಲ್ಲಿ ಅಂಕಿ ಎಷ್ಟಕ್ಕೆ ಇಳಿಯುತ್ತದೆಂದು ಗಮನಿಸಿ. ಅದು 4.75ರಿಂದ 5.25 ವೋಲ್ಟ್‌ಗಳ ನಡುವೆಯೇ ಇರಬೇಕು. ಸಿಪಿಯು ಸುತ್ತಲಿನ ಕೆಪಾಸಿಟರ್‌ಗಳ (ವಿದ್ಯುತ್ ಹಿಡಿದಿಡುವ, ಪುಟ್ಟ ಡಬ್ಬಿಗಳಂಥ ಭಾಗಗಳ) ನೆತ್ತಿ ಉಬ್ಬಿದೆಯೇ, ಬುಡದಲ್ಲಿ ಕಂದು ಬಣ್ಣದ ಅಂಟು ಸೋರಿದೆಯೇ ಎಂಬುದನ್ನೂ ನೋಡಿ. ಆ ಕಾಲದ ಅನೇಕ ಬೋರ್ಡ್‌ಗಳು ಕೆಟ್ಟದ್ದು ಈ ಕಾರಣದಿಂದಲೇ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.

ಪ್ರಶ್ನೆ ಕೇಳಿದವರು:
ಡ್ರೈವ್‌ಗಳನ್ನು ಬಿಡಿಸಿದರೂ ವ್ಯತ್ಯಾಸವಾಗಲಿಲ್ಲ. ಕೆಪಾಸಿಟರ್‌ಗಳ ನೆತ್ತಿ ಚಪ್ಪಟೆಯಾಗಿಯೇ ಇದೆ. ನೇರಳೆ ತಂತಿಯಲ್ಲಿ 5.04 ಇದ್ದದ್ದು ಬಟನ್ ಒತ್ತಿದೊಡನೆ 3.6ಕ್ಕೆ ಇಳಿದು ಮತ್ತೆ ಏರುತ್ತದೆ. ವಿಚಿತ್ರವೆಂದರೆ, ಹದಿನೈದು ಸಲ ಒತ್ತಿದ ಮೇಲೆ ಒಮ್ಮೆ ಹತ್ತು ಸೆಕೆಂಡ್ ಓಡಿತು.

ಉತ್ತರ:
ಅದರಲ್ಲಿ ವಿಚಿತ್ರವೇನೂ ಇಲ್ಲ. ಎಸ್‌ಎಂಪಿಎಸ್‌ನೊಳಗಿನ ಕೆಪಾಸಿಟರ್‌ಗಳ ದ್ರಾವಣ ಒಣಗಿದಾಗ ಅವುಗಳ ಒಳರೋಧ ಏರುತ್ತದೆ; ಸ್ವಲ್ಪ ಬಿಸಿಯಾದರೆ ರೋಧ ತಗ್ಗಿ, ಯಂತ್ರ ಒಂದಿಷ್ಟು ಹೊತ್ತು ಓಡುತ್ತದೆ. ನನ್ನ ಅನುಮಾನ ಬಹುಪಾಲು ಎಸ್‌ಎಂಪಿಎಸ್ ಮೇಲೆಯೇ. ಆದರೂ ಕೊಳ್ಳುವ ಮೊದಲು ಬೇರೊಂದು ಯಂತ್ರದ್ದನ್ನು ಜೋಡಿಸಿ ನೋಡಿ. ಸಿಪಿಯು ಪಕ್ಕದ ನಾಲ್ಕು ಪಿನ್ನಿನ ಕನೆಕ್ಟರ್ ಹಾಕಲು ಮರೆಯಬೇಡಿ. ಇನ್ನೊಂದು ಮಾತನ್ನು ನಾನು ಮೊದಲೇ ಹೇಳಬೇಕಿತ್ತು: ಫೋಟೊಗಳಷ್ಟೇ ಬೇಕಿದ್ದರೆ ಹಾರ್ಡ್‌ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿದರೂ ಸಾಕು.

ಪ್ರಶ್ನೆ ಕೇಳಿದವರು:
ಬೇರೆ ಎಸ್‌ಎಂಪಿಎಸ್ ಹಾಕಿದೆ, ಮೊದಲ ಸಲಕ್ಕೇ ಬೀಪ್ ಕೇಳಿಸಿತು. ಬ್ಯಾಟರಿ ತೆಗೆದಿದ್ದರಿಂದ ದಿನಾಂಕ 2006ರ ಜನವರಿ 1 ಎಂದು ತೋರಿಸುತ್ತಿದೆ; ಎಫ್1 ಒತ್ತಿ ಮುಂದುವರಿದೆ. ಫೋಟೊಗಳು ಈಗ ಪೆನ್‌ಡ್ರೈವ್‌ಗೆ ಕಾಪಿಯಾಗುತ್ತಿವೆ.